ಹಿತ್ತಾಳೆ ನಾಲಿಗೆ

ಬಳೇಪೇಟೆಯಲ್ಲಿ ನಮ್ಮಂಗಡಿ ಸುಲಭಕ್ಕೆ ಸಿಗುವುದಲ್ಲ.
ಬ್ಯಾಂಡ್‌ಸೆಟ್ಟಿನವರ ಕೆಂಪು ಕೋಟುಗಳು
ಗಿಳಿಗೂಟದಲ್ಲಿ ನೇತಾಡುವ ಓಣಿ ದಾಟಿ
ಕಡಿದಾದ ಮೆಟ್ಟಿಲು ಹತ್ತಿದರೆ ಲಿಂಗೋಜಿರಾಯರು,
ಸುತ್ತ ಬಾಯಿ ತೆರೆದು ಕೂತ ಹಾರ್ಮೋನಿಯಂಗಳು.
ನಾನು ರಸೀದಿ ಬರೆಯುವವಳು.
ಸಂಜೆ ಕಾಲೇಜಿನ ಇಂಗ್ಲಿಷು ಆವತ್ತೊಂದು ದಿನ ಕೆಲಸಕ್ಕೆ ಬಂತು.

ಬಂದವರು ಮೂವರು.
ಉದ್ದನೆಯ ಟೋಬಿ ಹಣೆ ಬಡಿಸಿಕೊಂಡು
ಬಾಗಿಲಿಗೇ ಸಾರಿ ಅಂದ.
ಹೆಸ್ಟರ್ ಎಂಬಾಕೆ ಚೀಲದಿಂದ ತೆಗೆದಳು
ಆರು ಮೂಲೆಯ ಪೆಟ್ಟಿಗೆ, ಎರಡಂಗೈಗೆ ಹಿಡಿಸುವಷ್ಟು,
ನಡುವೆ ತಿದಿ, ಇಕ್ಕೆಲಕ್ಕೂ ಗುಂಡಿ.
ರಾಯರು ಮೊದಲು ಮೂಸಿದರು.
‘ಚರ್ಮ ಉಪ್ಪು ಕುಡಿದಿದೆ.’
ಆಮೇಲೆ ಒತ್ತಿದರು.
ಎಲ್ಲ ಸ್ವರಗಳೂ ಮಾತಾಡಿದವು,
ಒಂದು ಬರೀ ಉಸಿರು ಬಿಟ್ಟಿತು.

ಸಂಜೆ ಏಳಕ್ಕೆ ಕುಕ್ ಟೌನಿನ ಶಾಲೆಯೊಂದರಲ್ಲಿ ಕಚೇರಿ.
ಈಗ ಹನ್ನೆರಡು ಮುಕ್ಕಾಲು.

ಅದೊಂದನ್ನು ಬಿಟ್ಟು ಹಾಡೋಕಾಗಲ್ವಾ, ಕೇಳಿದೆ.
ಮೂರನೇ ಸಾಲು ನಿಂತಿರೋದೇ ಅದರ ಮೇಲೆ ಅಂದಳು.
ಬರೆದವರು ಯಾರು?
ಗೊತ್ತಿಲ್ಲ. ಮೀನು ಕೊಯ್ಯುತ್ತಿದ್ದ ಮುದುಕಿಯೊಬ್ಬಳು
ಚಾಕು ಕೆಳಗಿಡದೆ ಕಲಿಸಿದ್ದಂತೆ.
ನಿಂತಲ್ಲೇ ಹಾಡಿ ತೋರಿಸಿದಳು, ವಾದ್ಯವಿಲ್ಲದೆ.
ಉಳಿದಿಬ್ಬರು ಮೇಲೊಂದು ಕೆಳಗೊಂದು ದನಿ ಹಾಸಿದರು.
ನಾನು ರಾಯರ ಕಿವಿಗೆ ಕನ್ನಡ ಮಾಡಿ ಹಾಕಿದೆ:

ಉಪ್ಪು ಗಾಳಿ, ಉಪ್ಪು ಗಾಳಿ,
ಹಗ್ಗದ ಮೇಲೆ ನನ್ನವನ ಅಂಗಿ,
ಇನ್ನೂ ಒಣಗಿಲ್ಲ.

ಕೆಳಗೆ ಗೂಡ್ಸ್ ಆಟೋ ಒಂದೇ ಸಮ ಹಾರ್ನು.
ರಾಯರು ಕನ್ನಡಕ ತೆಗೆದರು. ‘ಒಣಗ್ತಾ ಕೊನೆಗೆ?’
ಅದು ಊರಿಗೊಂದು ಥರ ಅಂದಳು ಹೆಸ್ಟರ್.
ಒಂದೂರಲ್ಲಿ ಅವನೇ ಬಂದು ತೊಟ್ಟುಕೊಳ್ಳುತ್ತಾನೆ,
ಪಕ್ಕದೂರಲ್ಲಿ ಬೇರೊಬ್ಬನಿಗೆ ಅಳತೆ ಸರಿಹೋಗುತ್ತದೆ.
‘ನಿಮ್ಮದ್ರಲ್ಲಿ?’
ಒದ್ದೆ ಇರುವಾಗಲೇ ನಿಲ್ಲಿಸುತ್ತೇವೆ.

ಬಿಸ್ಕತ್ತಿನ ಡಬ್ಬಿ ಸುರಿದರು ರಾಯರು.
ಹಿರಿಯೂರಿನ ಕ್ಯಾಂಪಿನಲ್ಲಿ ಮುಳುಗಿಹೋದ ನಾಟಕ ಕಂಪನಿಯ
ಕಾಲುಹಾರ್ಮೋನಿಯಂ, ಅದರ ಅಳಿದುಳಿದ ನಾಲಿಗೆಗಳು.
ದ್ರೌಪದಿ ವೇಷದ ಗಂಡಸರು ಕ್ಷೌರದ ಗಾಯ ಮುಚ್ಚಿಕೊಂಡು
ಇವುಗಳ ಮೇಲೆ ಶ್ರುತಿ ಹಿಡಿದು ಅತ್ತಿದ್ದಾರೆ.
ಒಂದನ್ನು ಆರಿಸಿ, ಕತ್ತರಿಸಿ, ಕೂರಿಸಿ,
ಅರ ಹಿಡಿದರು.
ತುದಿ ಉಜ್ಜಿದರೆ ಏರುತ್ತದೆ,
ಬುಡ ಉಜ್ಜಿದರೆ ಇಳಿಯುತ್ತದೆ.
ಇಷ್ಟೇ ವಿದ್ಯೆ, ನಲವತ್ತು ವರ್ಷ.

ಟೋಬಿಯ ಫೋನಿನಲ್ಲಿ ಮುಳ್ಳು ಹಸಿರಿಗೆ ಬಂತು.
ಸಾಕು ಸಾಕು ಅಂದ.
ರಾಯರು ಬುಡದಲ್ಲಿ ಇನ್ನೊಂದೇ ಒಂದು ಗೀರು.
ಮುಳ್ಳು ಹಸಿರು ಬಿಟ್ಟು ಕದಲಿತು.
ಟೋಬಿ ಮುಖ ಹುಳಿ ಮಾಡಿದ.
ಆಕೆ ಮಾತ್ರ ಆ ಒಂದೇ ಸ್ವರವನ್ನು ಒತ್ತಿ, ಒತ್ತಿ,
ಬಿಡು, ಮುದುಕಿ ಇಷ್ಟೇ ಜಾರುತ್ತಿದ್ದಳು ಅಂದಳು.

ರಸೀದಿಯಲ್ಲಿ ಏನಂತ ಬರೆಯಲಿ?
‘ಸಣ್ಣ ಹಾರ್ಮೋನಿಯಂ, ಆರು ಮೂಲೆ.
ನಾಲಿಗೆ ಒಂದು, ಹಳೆಯದು.’

ಸಂಜೆ ಇಸ್ತ್ರಿ ಅಂಗಿ ತೊಟ್ಟು ಬಂದರು ರಾಯರು,
ಚಪ್ಪಲಿ ಅಂಗಡಿಯದೇ.
ಕೊನೆಯ ಸಾಲು, ಬಾಗಿಲ ಪಕ್ಕ, ಫ್ಯಾನಿಲ್ಲದ ಕುರ್ಚಿ.
ಪಲ್ಲವಿ ಎಲ್ಲರೂ ಹಾಡಬೇಕಂತೆ;
ಕಾಕ್ಸ್ ಟೌನಿನ ಅಜ್ಜಿಯೊಬ್ಬರು ಕೋಲು ಕುಟ್ಟಿದರು,
ಯಾವನೋ ಹುಡುಗ ಬೇಕಂತಲೇ ಜೋರಾಗಿ ಕೂಗಿದ.
ರಾಯರು ತುಟಿ ಬಿಚ್ಚಲಿಲ್ಲ.
ಮೂರನೇ ಸಾಲು ಬರುವಾಗ
ತೋರುಬೆರಳು ಒಂದಿಷ್ಟು ಎದ್ದಿತು ತೊಡೆಯಿಂದ,
ಮಗು ಮೊದಲ ಸಲ ರಸ್ತೆ ದಾಟುವುದನ್ನು
ಆಚೆ ಬದಿಯಿಂದ ನೋಡುವವರ ಹಾಗೆ.
ದಾಟಿತು.
ಮುಂದಿನ ನಾಲ್ಕು ಹಾಡಿಗೆ ಅವರು ನಿದ್ದೆ ಹೊಡೆದರು.

ಮೆಜೆಸ್ಟಿಕ್ಕಿನ ಬಸ್ಸಿನಲ್ಲಿ, ಶಿವಾಜಿನಗರ ದಾಟಿದ ಮೇಲೆ, ಕೇಳಿದರು:
‘ಹಳೇದಕ್ಕೆ ಗ್ಯಾರಂಟಿ ಇಲ್ಲ ಅಂತ ಬರೆದ್ಯಾ?’
ಬರೆದಿದ್ದೆ.
‘ಸರಿ’ ಅಂದರು.
ಕಿಟಕಿಯಾಚೆ ಯಾರದೋ ತಾರಸಿ,
ಹಗ್ಗದ ಮೇಲೆ ಬಟ್ಟೆ.
ಇಬ್ಬರೂ ನೋಡಿದೆವು.